ನಾಳೆಯ ತೆರಿಗೆಯ ಮೇಲೆ ಇವತ್ತಿನ ಫ್ಲೈಓವರ್

ರೇಡಿಯೋದಲ್ಲಿ ಈ ಮಾತು ಕೇಳಿದವರು ಇನ್ನೊಮ್ಮೆ ನಿಧಾನವಾಗಿ ಓದಲಿ, ಟ್ರಾಫಿಕ್ಕಿನ ಹಾರ್ನಿನ ನಡುವೆ ಅರ್ಧ ಮಾತ್ರ ಕೇಳಿಸಿಕೊಂಡವರು ಉಳಿದರ್ಧ ಇಲ್ಲಿ ನೋಡಿಕೊಳ್ಳಲಿ ಅಂತ ಪೂರ್ತಿ ಪಠ್ಯವನ್ನೇ ಕೊಡುತ್ತಿದ್ದೇನೆ. ಲೆಕ್ಕದ ಮಾತು ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ. ಒಂದು ಲೋಟ ಚಹಾ ಪಕ್ಕದಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹೋದ ತಿಂಗಳ ಕಾರ್ಯಕ್ರಮದ ನಂತರ ಗಚ್ಚಿಬೌಲಿಯ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ‘ದಿನಾ ಫ್ಲೈಓವರ್ ಮೇಲೆ ಹೋಗುತ್ತೇನೆ. ಇದಕ್ಕೆ ದುಡ್ಡು ಕೊಟ್ಟವರು ಯಾರು? ನಾನಾ?’ ಇಷ್ಟೇ ಪ್ರಶ್ನೆ. ಉತ್ತರ ಮಾತ್ರ ಇಷ್ಟಕ್ಕೆ ಮುಗಿಯುವುದಿಲ್ಲ. ಅದನ್ನು ಹುಡುಕುತ್ತ ಹೋದಾಗ ‘ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್’ ಅನ್ನುವ ಉದ್ದನೆಯ ಹೆಸರು ಎದುರಾಯಿತು. ಚುಟುಕಾಗಿ ಟಿಐಎಫ್ ಅನ್ನುತ್ತಾರೆ. ಸರಳವಾಗಿ ಹೇಳಿದರೆ, ಮುಂದೆ ಹೆಚ್ಚಾಗಲಿರುವ ತೆರಿಗೆಯನ್ನು ಅಡವಿಟ್ಟು ಇವತ್ತೇ ರಸ್ತೆ, ಚರಂಡಿ, ಸೇತುವೆ ಕಟ್ಟಿಕೊಳ್ಳುವ ವಿಧಾನ.

ಗಚ್ಚಿಬೌಲಿ ಅನ್ನುವ ಹೆಸರಿನಲ್ಲೇ ಒಂದು ಬಾವಿ ಇದೆ, ಬೌಲಿ ಅಂದರೆ ಬಾವಿ ತಾನೆ? ಹಾಗಾಗಿ ಬಾವಿಯಿಂದಲೇ ಶುರು ಮಾಡೋಣ.

ನಮ್ಮದು ಸೇಡಂ ಕಡೆಯ ಊರು. ನಿಮ್ಮಲ್ಲಿ ಎಷ್ಟೋ ಜನ ಕಲಬುರಗಿ, ಬೀದರ್, ರಾಯಚೂರು ಕಡೆಯವರೇ ಇದ್ದೀರಿ. 1956ರವರೆಗೆ ನಮ್ಮೂರುಗಳ ಕಂದಾಯ ಬಂದು ಬೀಳುತ್ತಿದ್ದುದು ಇದೇ ಹೈದರಾಬಾದಿನ ಖಜಾನೆಗೆ. ಅದು ಬೇರೆ ಕಥೆ, ಬಿಡಿ. ಊರಲ್ಲಿ ಒಬ್ಬ ರೈತ ಇದ್ದಾನೆ ಅಂದುಕೊಳ್ಳಿ. ಅವನ ಹೊಲದಲ್ಲಿ ವರ್ಷಕ್ಕೆ ಹತ್ತು ಚೀಲ ಜೋಳ ಆಗುತ್ತದೆ. ಬಾವಿ ತೋಡಿಸಿದರೆ ಹದಿನೆಂಟು ಚೀಲ ಆಗುತ್ತದೆ ಅಂತ ಅವನ ಅಂದಾಜು. ಕೈಯಲ್ಲಿ ಕಾಸಿಲ್ಲ. ಸಾಹುಕಾರನ ಹತ್ತಿರ ಹೋಗಿ ಹೇಳುತ್ತಾನೆ: ‘ಬಾವಿಗೆ ದುಡ್ಡು ಕೊಡ್ರಿ. ಹೊಲ ಬರೆದು ಕೊಡಂಗಿಲ್ಲ. ಈಗ ಆಗೋ ಹತ್ತು ಚೀಲ ಮನೀಗೆ ಬೇಕು, ಅದನ್ನ ಮುಟ್ಟಬ್ಯಾಡ್ರಿ. ಹತ್ತರ ಮ್ಯಾಲ ಎಷ್ಟು ಬೆಳೀತದೋ ಅಷ್ಟೂ ನಿಮ್ಮ ಸಾಲ ತೀರೋತನಕ ನಿಮಗ.’ ಸಾಹುಕಾರ ಒಪ್ಪಿದ. ಬಾವಿ ಬಂತು.

ಟಿಐಎಫ್ ಅಂದರೆ ಇದೇ. ಹೊಲದ ಜಾಗದಲ್ಲಿ ಒಂದು ಬಡಾವಣೆ ಇಡಿ, ಜೋಳದ ಜಾಗದಲ್ಲಿ ಆಸ್ತಿ ತೆರಿಗೆ, ಬಾವಿಯ ಜಾಗದಲ್ಲಿ ಫ್ಲೈಓವರ್. ಸರ್ಕಾರ ನಕ್ಷೆಯ ಮೇಲೆ ಒಂದು ಗೆರೆ ಎಳೆದು ‘ಇದು ಟಿಐಎಫ್ ವಲಯ’ ಅನ್ನುತ್ತದೆ. ಆ ವರ್ಷ ಅಲ್ಲಿಂದ ಎಷ್ಟು ತೆರಿಗೆ ಬರುತ್ತಿದೆಯೋ ಅದನ್ನು ಮೂಲ ಮೊತ್ತ ಅಂತ ಬರೆದಿಡುತ್ತಾರೆ. ಅಷ್ಟು ಮೊತ್ತ ಮೊದಲಿನಂತೆ ನಗರಪಾಲಿಕೆಗೆ. ಮುಂದೆ ಅದರ ಮೇಲೆ ಏರುವುದೆಲ್ಲ ಬೇರೆ ಒಂದು ಖಾತೆಗೆ. ಆ ಖಾತೆಯನ್ನು ತೋರಿಸಿ ಸಾಲ ಎತ್ತುತ್ತಾರೆ ಇಲ್ಲವೇ ಬಾಂಡ್ ಹೊರಡಿಸುತ್ತಾರೆ. ಅವಧಿ ಇಪ್ಪತ್ತು, ಇಪ್ಪತ್ತೈದು ವರ್ಷ. ಸಾಲ ತೀರಿದ ಮೇಲೆ ಗೆರೆ ಅಳಿಸಿ, ಪೂರ್ತಿ ತೆರಿಗೆ ಮತ್ತೆ ಪಾಲಿಕೆಗೆ. ಹೊಸ ತೆರಿಗೆ ಇಲ್ಲ, ದರ ಏರಿಕೆ ಇಲ್ಲ. ಕೇಳೋದಕ್ಕೆ ಎಷ್ಟು ಚೆಂದ ಅಲ್ವಾ?

ಮೊದಲು ಶುರುವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1952ರಲ್ಲಿ. ನಮ್ಮಲ್ಲಿ 2017ರ ಫೆಬ್ರವರಿಯಲ್ಲಿ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ‘ವ್ಯಾಲ್ಯೂ ಕ್ಯಾಪ್ಚರ್ ಫೈನಾನ್ಸ್’ ಅಂತ ಒಂದು ನೀತಿ ಚೌಕಟ್ಟು ಹೊರಡಿಸಿತು. ಸರ್ಕಾರದ ದುಡ್ಡಿನಿಂದ ರಸ್ತೆಯೋ ಮೆಟ್ರೋವೋ ಬಂದಾಗ ಅಕ್ಕಪಕ್ಕದ ಜಾಗದ ಬೆಲೆ ಏರುತ್ತದಲ್ಲ, ಆ ಏರಿಕೆಯಲ್ಲಿ ಒಂದು ಪಾಲನ್ನು ಊರಿಗೆ ವಾಪಸ್ ತರುವುದು ಹೇಗೆ ಅನ್ನುವುದು ಅದರ ವಿಷಯ. ಖಾಲಿ ಜಾಗದ ತೆರಿಗೆ, ಬೆಟರ್‌ಮೆಂಟ್ ಲೆವಿ, ಅಭಿವೃದ್ಧಿ ಶುಲ್ಕ, ಹೆಚ್ಚುವರಿ ಮಹಡಿಗೆ ಪ್ರೀಮಿಯಂ ಇವುಗಳ ಸಾಲಿನಲ್ಲಿ ಟಿಐಎಫ್ ಹೆಸರೂ ಇದೆ.

ಹಾಗಾದರೆ ಗಚ್ಚಿಬೌಲಿಯ ಕಥೆ ಏನು? ಇಲ್ಲಿ ಟಿಐಎಫ್ ಅನ್ನುವ ಹೆಸರಿನಲ್ಲಿ ಗೆರೆ ಎಳೆದು ಕೆಲಸ ಮಾಡಲಿಲ್ಲ. ಆದರೆ ನಾಳೆಯ ಬೆಲೆಯನ್ನು ಇವತ್ತು ನಗದು ಮಾಡಿಕೊಳ್ಳುವ ಬೇರೆ ಎಲ್ಲ ದಾರಿಗಳನ್ನೂ ಈ ಊರಿನ ಸುತ್ತಲೇ ನೋಡಬಹುದು. ಅದಕ್ಕೇ ಈ ವಿಷಯ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ.

ಇಲ್ಲಿ ಹಳಬರಿದ್ದರೆ ಕೇಳಿ ನೋಡಿ. ಹೈದರಾಬಾದ್ ವಿಶ್ವವಿದ್ಯಾಲಯ 1974ರಲ್ಲಿ ಶುರುವಾದದ್ದು. ಅದರ ಕ್ಯಾಂಪಸ್ ಇಲ್ಲಿಗೆ ಬಂದಾಗ ಸುತ್ತ ಬರೀ ಬಂಡೆ, ಕುರುಚಲು ಗಿಡ. 1998ರಲ್ಲಿ ಪಕ್ಕದ ಮಾಧಾಪುರದಲ್ಲಿ ಸೈಬರ್ ಟವರ್ಸ್, ಅದೇ ವರ್ಷ ಗಚ್ಚಿಬೌಲಿಯಲ್ಲಿ ಟ್ರಿಪಲ್ ಐಟಿ. 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸ್ಟೇಡಿಯಂ. 2008ರ ನವೆಂಬರಿನಲ್ಲಿ ಹೊರ ವರ್ತುಲ ರಸ್ತೆಯ ಮೊದಲ ತುಂಡು, ಗಚ್ಚಿಬೌಲಿಯಿಂದ ಶಂಷಾಬಾದಿನವರೆಗೆ ಸುಮಾರು 22 ಕಿಲೋಮೀಟರ್. 2019ರ ನವೆಂಬರಿನಲ್ಲಿ ಮೆಟ್ರೋ ರಾಯದುರ್ಗದವರೆಗೆ ಬಂತು. 2022ರ ನವೆಂಬರಿನಲ್ಲಿ ಶಿಲ್ಪಾ ಲೇಔಟ್ ಫ್ಲೈಓವರ್. ಇವೆಲ್ಲ ಬಹುಪಾಲು ಸಾರ್ವಜನಿಕರ ದುಡ್ಡಿನ ಕೆಲಸ. ಒಂದೊಂದು ಬಂದಾಗಲೂ ಪಕ್ಕದ ಜಮೀನಿನವನು ಮಲಗಿದ್ದಲ್ಲೇ ಶ್ರೀಮಂತನಾದ. ಅವನು ಮಾಡಿದ ತಪ್ಪೇನೂ ಇಲ್ಲ, ಹಾಗೆಯೇ ಪಟ್ಟ ಶ್ರಮವೂ ಇಲ್ಲ.

ಆ ಏರಿಕೆಯಲ್ಲಿ ಸರ್ಕಾರ ತನ್ನ ಪಾಲು ತೆಗೆದುಕೊಂಡದ್ದು ಮುಖ್ಯವಾಗಿ ಹರಾಜಿನ ಮೂಲಕ. ಗಚ್ಚಿಬೌಲಿಯ ಹತ್ತಿರದ ಕೋಕಾಪೇಟೆಯಲ್ಲಿ ಎಚ್‌ಎಂಡಿಎ 2021ರ ಜುಲೈನಲ್ಲಿ ಹರಾಜು ಹಾಕಿದಾಗ ಎಕರೆಗೆ ಅತಿ ಹೆಚ್ಚು ಕೂಗಿದ ಬೆಲೆ 60.2 ಕೋಟಿ ರೂಪಾಯಿ. 2023ರ ಆಗಸ್ಟಿನಲ್ಲಿ ಅಲ್ಲೇ 100.75 ಕೋಟಿ. 2025ರ ಅಕ್ಟೋಬರಿನಲ್ಲಿ ರಾಯದುರ್ಗದಲ್ಲಿ ಎಕರೆಗೆ 177 ಕೋಟಿ! ಈ ಅಂಕಿ ಓದಿದ ದಿನ ನಮ್ಮ ಮನೆಯವರು, ‘ಒಂದು ಕುಂಡದ ಮಣ್ಣಿಗೆ ಎಷ್ಟಾಯಿತು ಲೆಕ್ಕ ಹಾಕಿ, ತುಳಸಿ ಗಿಡ ತೆಗೆದು ಮಾರಿಬಿಡೋಣ’ ಅಂದರು.

ಹರಾಜು ಅಂದರೆ ಹೊಲವನ್ನೇ ಮಾರುವುದು. ಒಂದೇ ಸಲ ದೊಡ್ಡ ಗಂಟು ಬರುತ್ತದೆ, ಖರ್ಚಾಗುತ್ತದೆ, ಆಮೇಲೆ ಮಾರಲು ಹೊಲ ಇರುವುದಿಲ್ಲ. ಟಿಐಎಫ್‌ನಲ್ಲಿ ಹೊಲ ಮಾರುವುದಿಲ್ಲ, ಬೆಳೆಯ ಹೆಚ್ಚಳವನ್ನಷ್ಟೇ ಅಡವಿಡುವುದು. ಈ ಒಂದು ವಿಷಯದಲ್ಲಿ ಟಿಐಎಫ್ ಮೇಲು ಅಂತ ನನಗೂ ಅನ್ನಿಸುತ್ತದೆ.

ಮಾರಲು ಜಾಗ ಮುಗಿಯುತ್ತ ಬಂದಾಗ ಏನಾಗುತ್ತದೆ ಅನ್ನುವುದನ್ನು ನಾವು ಕಣ್ಣಾರೆ ಕಂಡೆವು. ಕಂಚ ಗಚ್ಚಿಬೌಲಿ. ತೆಲುಗಿನಲ್ಲಿ ಕಂಚೆ ಅಂದರೆ ಬೇಲಿ, ಮೇವಿಗೆ ಅಂತ ಬಿಟ್ಟ ಜಾಗಕ್ಕೂ ಹಾಗೆನ್ನುತ್ತಾರೆ, ನಮ್ಮ ಗೋಮಾಳದ ಹಾಗೆ. ವಿಶ್ವವಿದ್ಯಾಲಯದ ಪಕ್ಕದ 400 ಎಕರೆ. 2003ರಲ್ಲಿ ಅದನ್ನು ಕ್ರೀಡಾ ಯೋಜನೆಗೆಂದು ಒಂದು ಖಾಸಗಿ ಕಂಪನಿಗೆ ಕೊಟ್ಟಿದ್ದರು, 2006ರಲ್ಲಿ ವಾಪಸ್ ಪಡೆದರು, ಕೋರ್ಟಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು 2024ರಲ್ಲಿ ಸರ್ಕಾರದ ಪರ ತೀರ್ಮಾನವಾಯಿತು. ಅದನ್ನು ಐಟಿ ಕಂಪನಿಗಳಿಗೆ ಹರಾಜು ಹಾಕುವ ತಯಾರಿಯಲ್ಲಿ 2025ರ ಮಾರ್ಚ್ ಕೊನೆಗೆ ಜೆಸಿಬಿಗಳು ಒಳಗೆ ಹೋದವು. ರಾತ್ರಿ ಯಂತ್ರಗಳ ಬೆಳಕಿನಲ್ಲಿ ನವಿಲು ಕೂಗುವ ವೀಡಿಯೋಗಳನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ವಿದ್ಯಾರ್ಥಿಗಳು ಬೀದಿಗಿಳಿದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆಯಿತು. ಅಷ್ಟರಲ್ಲಿ ಬಹಳಷ್ಟು ಹಸಿರು ನೆಲ ಸೇರಿತ್ತು.

ಅದಕ್ಕೇ ಕೆಲವರು ಹೇಳುವುದು, ಜಾಗ ಮಾರುವ ಬದಲು ಟಿಐಎಫ್ ಮಾಡಬಾರದೇ ಅಂತ. ಆದರೆ ಒಂದು ಮಾತು ನೆನಪಿರಲಿ. ಟಿಐಎಫ್‌ನ ಲೆಕ್ಕದ ಪುಸ್ತಕಕ್ಕೂ ಕಾಡು ಕಾಣುವುದಿಲ್ಲ. ಕೆರೆ ಆಸ್ತಿ ತೆರಿಗೆ ಕಟ್ಟುವುದಿಲ್ಲ, ನವಿಲೂ ಕಟ್ಟುವುದಿಲ್ಲ. ತೆರಿಗೆ ಏರಿದರೆ ಮಾತ್ರ ಸಾಲ ತೀರುವ ವಲಯದಲ್ಲಿ ಖಾಲಿ ಎಕರೆ ಅಂದರೆ ನಷ್ಟದ ಎಕರೆ.

ಈಗ ಲೆಕ್ಕಕ್ಕೆ ಬರೋಣ. ಇವು ನಿಜವಾದ ಯಾವ ವಲಯದ ಅಂಕಿಗಳೂ ಅಲ್ಲ, ನಮ್ಮ ತಿಳಿವಳಿಕೆಗೆ ನಾನೇ ಹಾಕಿಕೊಂಡವು. ಒಂದು ವಲಯದಿಂದ ವರ್ಷಕ್ಕೆ 10 ಕೋಟಿ ಆಸ್ತಿ ತೆರಿಗೆ ಬರುತ್ತಿದೆ. 100 ಕೋಟಿ ಸಾಲ ಎತ್ತಿ ಫ್ಲೈಓವರ್, ಮಳೆನೀರಿನ ಕಾಲುವೆ ಕಟ್ಟಬೇಕು. ಬಡ್ಡಿ ಶೇಕಡಾ 9 ಅಂತಿಟ್ಟುಕೊಳ್ಳಿ. ಈ ದರ ಸುಮ್ಮನೆ ಹೇಳಿದ್ದಲ್ಲ. ಜಿಎಚ್‌ಎಂಸಿ ಇದೇ ಊರಿನ ಫ್ಲೈಓವರ್ ರಸ್ತೆಗಳ ಯೋಜನೆಗೆ ಬಾಂಡ್ ಹೊರಡಿಸಿದಾಗ, 2018ರ ಫೆಬ್ರವರಿಯಲ್ಲಿ 200 ಕೋಟಿಗೆ ಶೇ. 8.90, ಅದೇ ವರ್ಷ ಆಗಸ್ಟಿನಲ್ಲಿ 195 ಕೋಟಿಗೆ ಶೇ. 9.38, 2019ರಲ್ಲಿ 100 ಕೋಟಿಗೆ ಶೇ. 10.23 ಬಡ್ಡಿ ಇತ್ತು.

ಮೊದಲ ವರ್ಷವೇ ಬಡ್ಡಿ 9 ಕೋಟಿ. ಫ್ಲೈಓವರ್ ಕಟ್ಟಲು ಮೂರು ವರ್ಷ ಬೇಕು. ಆ ಮೂರು ವರ್ಷ ಅಲ್ಲಿ ಧೂಳು, ಗುಂಡಿ, ಡೈವರ್ಷನ್. ಯಾರೂ ಹೊಸ ಕಟ್ಟಡ ಕಟ್ಟುವುದಿಲ್ಲ, ತೆರಿಗೆಯೂ ಏರುವುದಿಲ್ಲ. ಬಡ್ಡಿ ಅಸಲಿಗೆ ಸೇರುತ್ತ ಹೋಗಿ ಮೂರನೇ ವರ್ಷದ ಕೊನೆಗೆ ಸಾಲ ಸುಮಾರು 130 ಕೋಟಿ. ನಾಲ್ಕನೇ ವರ್ಷ ತೆರಿಗೆ 13 ಕೋಟಿಗೆ ಬಂತು, ಹೆಚ್ಚುವರಿ 3 ಕೋಟಿ. ಐದನೇ ವರ್ಷ 16, ಹೆಚ್ಚುವರಿ 6. ಆ ಹೊತ್ತಿಗೆ ವರ್ಷದ ಬಡ್ಡಿಯೇ 12 ಕೋಟಿ ದಾಟಿರುತ್ತದೆ! ಆಮೇಲೆ ವರ್ಷಕ್ಕೆ 2 ಕೋಟಿಯಂತೆ ಏರುತ್ತ ಹತ್ತನೇ ವರ್ಷ ತೆರಿಗೆ 26 ಕೋಟಿ ಆಯಿತು ಅನ್ನಿ. ತೆರಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಸಾಲ ಎಷ್ಟಾಗಿರುತ್ತದೆ? ಸುಮಾರು 153 ಕೋಟಿ. ಹತ್ತು ವರ್ಷ ಕಟ್ಟಿದ ಮೇಲೆ ಎತ್ತಿದ ಸಾಲಕ್ಕಿಂತ ಒಂದೂವರೆ ಪಟ್ಟು ಬಾಕಿ. ಇದೇ ವೇಗದಲ್ಲಿ ಏರುತ್ತ ಹೋದರೆ ಇಪ್ಪತ್ತನೇ ವರ್ಷದಲ್ಲಿ ತೀರುತ್ತದೆ. ಅದೃಷ್ಟ ಚೆನ್ನಾಗಿತ್ತು.

ಅದೃಷ್ಟ ಚೆನ್ನಾಗಿಲ್ಲದಿದ್ದರೆ? ಐದನೇ ವರ್ಷದ ನಂತರ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಅಂದವು, ಕಟ್ಟಡಗಳು ನಿಧಾನವಾದವು, ಏರಿಕೆ ವರ್ಷಕ್ಕೆ 2 ಕೋಟಿಯ ಬದಲು 1 ಕೋಟಿ. ಅಷ್ಟೇ ವ್ಯತ್ಯಾಸ. ಇಪ್ಪತ್ತು ವರ್ಷ ಮುಗಿದಾಗ ಸಾಲ 160 ಕೋಟಿಗೂ ಮೇಲೆ ನಿಂತಿರುತ್ತದೆ. ಇದನ್ನು ನಾನು ಮೂರು ಸಲ ಕೂಡಿ ನೋಡಿದೆ, ನೀವೂ ಕ್ಯಾಲ್ಕುಲೇಟರ್ ಹಿಡಿದು ನೋಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನಮ್ಮ ಹಿರಿಯರು ಅಂದದ್ದು ಇಂಥದ್ದಕ್ಕೇ. ಇಲ್ಲಿ ಕುಲಾವಿಗೆ ಬಡ್ಡಿ ಬೇರೆ.

ಇದು ಬರೀ ಕಾಗದದ ಹೆದರಿಕೆ ಅಂದುಕೊಳ್ಳಬೇಡಿ. ಇದೇ ಕೋಕಾಪೇಟೆಯಲ್ಲಿ 2006ರಲ್ಲಿ ಆಗಿನ ಹುಡಾ ಹರಾಜು ಹಾಕಿದಾಗ ಎಕರೆಗೆ 14 ಕೋಟಿ ದಾಟಿತ್ತು. 2008ರ ಬಿಕ್ಕಟ್ಟು ಬಂದದ್ದೇ ತಡ, ಕೂಗಿದವರೇ ಹಣ ವಾಪಸ್ ಕೊಡಿ ಅಂತ ಕೋರ್ಟಿಗೆ ಹೋದರು. ಅದೇ ವರ್ಷ ಇನ್ನೊಂದು ನಡೆಯಿತು. ಹೈದರಾಬಾದ್ ಮೆಟ್ರೋ ಕಟ್ಟುವ ಟೆಂಡರನ್ನು ಮೇಟಾಸ್ ನೇತೃತ್ವದ ಕೂಟ ಗೆದ್ದಿತು. ಮೆಟ್ರೋ ಕಟ್ಟುವವರು ಸಾಮಾನ್ಯವಾಗಿ ಸರ್ಕಾರದಿಂದ ಅನುದಾನ ಕೇಳುತ್ತಾರೆ. ಇವರು ತಾವೇ ಸರ್ಕಾರಕ್ಕೆ 30,311 ಕೋಟಿ ರೂಪಾಯಿ ಕೊಡುತ್ತೇವೆ ಅಂದರು. ಗುತ್ತಿಗೆಯ ಅವಧಿಯುದ್ದಕ್ಕೂ ಕಂತುಗಳಲ್ಲಿ. ಎಲ್ಲಿಂದ ಬರುತ್ತದೆ ಅಷ್ಟು ದುಡ್ಡು? ಟಿಕೆಟ್ಟಿನಿಂದಂತೂ ಅಲ್ಲ. ದೆಹಲಿ ಮೆಟ್ರೋದ ಇ. ಶ್ರೀಧರನ್ ಅವರು ಯೋಜನಾ ಆಯೋಗಕ್ಕೆ ಕಾಗದ ಬರೆದು, ಇದರ ಹಿಂದೆ ಜಮೀನಿನ ಲಾಭದ ಲೆಕ್ಕಾಚಾರ ಇದೆ ಅಂತ ಎಚ್ಚರಿಸಿದರು. ಆಗ ಅವರ ಮಾತಿಗೆ ಸಿಟ್ಟಾದವರೇ ಹೆಚ್ಚು. 2009ರ ಜನವರಿಯಲ್ಲಿ ಸತ್ಯಂ ಹಗರಣ ಹೊರಬಿತ್ತು, ಮೇಟಾಸ್ ಕುಸಿಯಿತು, ಜುಲೈನಲ್ಲಿ ಗುತ್ತಿಗೆ ರದ್ದಾಯಿತು. ಹೊಸದಾಗಿ ಟೆಂಡರ್ ಕರೆದು 2010ರಲ್ಲಿ ಎಲ್ ಅಂಡ್ ಟಿಗೆ ಕೊಟ್ಟಾಗ ಲೆಕ್ಕ ತಿರುಗಿತ್ತು: ಈ ಸಲ ಅನುದಾನ ಸರ್ಕಾರದ ಕಡೆಯಿಂದ. ರೈಲು ಓಡಿದ್ದು 2017ರ ನವೆಂಬರ್ ಕೊನೆಗೆ. ನಾಳೆಯ ಜಮೀನಿನ ಬೆಲೆಯ ಮೇಲೆ ಕಟ್ಟಿದ ಗೋಪುರ ಹೇಗೆ ಬೀಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಮತ್ತೆ ನಮ್ಮ ರೈತನ ಹತ್ತಿರ ಹೋಗೋಣ. ಬಾವಿ ಬಂದ ವರ್ಷ ಹದಿನೆಂಟು ಚೀಲ ಬೆಳೆಯಿತು. ಸಾಹುಕಾರ ಎಂಟು ಚೀಲ ಹೊತ್ತೊಯ್ದ. ಆದರೆ ಆ ವರ್ಷ ಮಳೆ ಚೆನ್ನಾಗಿತ್ತು. ಬಾವಿ ಇಲ್ಲದ ಪಕ್ಕದ ಹೊಲದಲ್ಲೂ ಹತ್ತರ ಜಾಗದಲ್ಲಿ ಹದಿಮೂರು ಚೀಲ ಆಗಿದೆ! ಅಂದರೆ ಎಂಟರಲ್ಲಿ ಮೂರು ಚೀಲ ಮಳೆಯದ್ದು, ಬಾವಿಯದ್ದಲ್ಲ. ಅದು ಮನೆಗೆ ಸೇರಬೇಕಾದದ್ದು. ಒಪ್ಪಂದದಲ್ಲಿ ಹಾಗೆ ಬರೆದಿಲ್ಲವಲ್ಲ!

ಟಿಐಎಫ್ ಬಗ್ಗೆ ಜಗತ್ತಿನಲ್ಲಿ ನಡೆದಿರುವ ಜಗಳದ ಮುಕ್ಕಾಲು ಪಾಲು ಈ ಮೂರು ಚೀಲದ್ದೇ. ನಮ್ಮ ಲೆಕ್ಕದಲ್ಲೇ ನೋಡಿ. ಫ್ಲೈಓವರ್ ಇಲ್ಲದಿದ್ದರೂ ಊರು ಬೆಳೆಯುತ್ತಿತ್ತು, ತೆರಿಗೆ ವರ್ಷಕ್ಕೆ ಶೇ. 5ರಂತೆ ತಾನಾಗಿಯೇ ಏರುತ್ತಿತ್ತು ಅಂದರೆ ಹತ್ತನೇ ವರ್ಷ 10 ಕೋಟಿ 16 ಕೋಟಿ ದಾಟುತ್ತಿತ್ತು. ಅಂದರೆ ಹೆಚ್ಚುವರಿ 16 ಕೋಟಿಯಲ್ಲಿ 6 ಕೋಟಿಗೂ ಹೆಚ್ಚು ಫ್ಲೈಓವರಿನ ಫಲವೇ ಅಲ್ಲ. ಇಡೀ ನಗರಕ್ಕೆ ಹೋಗಬೇಕಾದ ದುಡ್ಡು ಒಂದು ವಲಯದ ಖಾತೆಯಲ್ಲಿ ಬಂಧಿ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಈ ಕಾನೂನು ಇರುವುದು ಹಾಳುಬಿದ್ದ, ಇಲ್ಲವೇ ಹಾಳಾಗುವತ್ತ ಸಾಗಿರುವ ಬಡಾವಣೆಗಳಿಗೆ. ‘ಈ ನೆರವು ಇಲ್ಲದಿದ್ದರೆ ಇಲ್ಲಿ ಯಾರೂ ದುಡ್ಡು ಹಾಕುತ್ತಿರಲಿಲ್ಲ’ ಅಂತ ತೋರಿಸಬೇಕು. ಅವಧಿ 23 ವರ್ಷ. ಶಿಕಾಗೋ ನಗರ 1984ರಲ್ಲಿ ತನ್ನ ಮೊದಲ ವಲಯ ಮಾಡಿತು, ಆಮೇಲೆ ನೂರಕ್ಕೂ ಮಿಕ್ಕಿ ಮಾಡಿತು. ಕೊನೆಗೆ 2006ರಲ್ಲಿ ಬ್ಯಾಂಕುಗಳ ಬೀದಿ ಲಸಾಲ್ ಸ್ಟ್ರೀಟ್ ಸುತ್ತಲಿನ ಪ್ರದೇಶವೇ ಟಿಐಎಫ್ ವಲಯವಾಯಿತು. ಅಲ್ಲಿ ಆಸ್ತಿ ತೆರಿಗೆಯ ದೊಡ್ಡ ಪಾಲು ಸರ್ಕಾರಿ ಶಾಲೆಗಳಿಗೆ ಹೋಗುವ ಪದ್ಧತಿ. ಹೆಚ್ಚುವರಿ ತೆರಿಗೆ ವಲಯದ ಖಾತೆಗೆ ಹೋದಷ್ಟೂ ಶಾಲೆಗೆ ಖೋತಾ. ಆ ದುಡ್ಡು ಬಿಡಿ ಅಂತ ಅಲ್ಲಿನ ಮೇಷ್ಟ್ರುಗಳು ಎಷ್ಟೋ ಸಲ ಬೀದಿಗೆ ಬಂದಿದ್ದಾರೆ. ಟಿಐಎಫ್‌ಗೆ ಜನ್ಮ ಕೊಟ್ಟ ಕ್ಯಾಲಿಫೋರ್ನಿಯಾ ಕೂಡ ಕೈಚೆಲ್ಲಿತು. ರಾಜ್ಯದ ಆಸ್ತಿ ತೆರಿಗೆಯಲ್ಲಿ ಶೇ. 12ರಷ್ಟು ಈ ವಲಯಗಳ ಪಾಲಾಗಿ, ಶಾಲೆಗಳ ಖೋತಾ ತುಂಬಿಕೊಡುವ ಹೊರೆ ರಾಜ್ಯದ ಮೇಲೆ ಬಿದ್ದಾಗ 2011ರಲ್ಲಿ ಕಾನೂನು ತಂದು, 2012ರ ಫೆಬ್ರವರಿಯಲ್ಲಿ ಸುಮಾರು 400 ಪುನರಾಭಿವೃದ್ಧಿ ಸಂಸ್ಥೆಗಳನ್ನು ಮುಚ್ಚಿಹಾಕಿದರು.

ಚೆನ್ನಾಗಿ ನಡೆದದ್ದೂ ಉಂಟು, ಇಲ್ಲವೆನ್ನಲಾರೆ. ಲಂಡನ್ನಿನಲ್ಲಿ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಹಳೆಯ ಜಾಗಕ್ಕೆ ಮೆಟ್ರೋ ರೈಲು ಎಳೆದಾಗ ಸುಮಾರು 100 ಕೋಟಿ ಪೌಂಡ್ ಸಾಲವನ್ನು ಅಲ್ಲಿನ ವ್ಯಾಪಾರಿ ಕಟ್ಟಡಗಳ ತೆರಿಗೆ ಏರಿಕೆ ಮತ್ತು ಬಿಲ್ಡರುಗಳ ಪಾಲಿನಿಂದ ತೀರಿಸುವ ಏರ್ಪಾಡು ಮಾಡಿದರು. 2021ರ ಸೆಪ್ಟೆಂಬರಿನಲ್ಲಿ ರೈಲು ಶುರುವಾಯಿತು. ಅದು ದಶಕಗಳಿಂದ ಪಾಳುಬಿದ್ದ ಜಾಗ. ರೈಲು ಬರದೆ ಅಲ್ಲಿ ಅಷ್ಟು ದೊಡ್ಡ ಊರು ಏಳುತ್ತಿರಲಿಲ್ಲ. ಪಕ್ಕದ ಹೊಲದಲ್ಲಿ ಹದಿಮೂರು ಚೀಲ ಬೆಳೆಯುವ ಸಂಭವವೇ ಕಡಿಮೆ ಇತ್ತು ಅನ್ನಿ.

ನಮ್ಮ ಗಚ್ಚಿಬೌಲಿಗೆ ಈ ಪರೀಕ್ಷೆ ಒಡ್ಡಿದರೆ? ಟಿಐಎಫ್ ಅತ್ಯಂತ ಸುಲಭವಾಗಿ ಗೆಲ್ಲುವ ಜಾಗ ಇದು, ಏಕೆಂದರೆ ಇಲ್ಲಿ ತೆರಿಗೆ ಹೇಗೂ ಏರುತ್ತದೆ. ಅದೇ ಕಾರಣಕ್ಕೆ ಅದರ ಅಗತ್ಯ ಅತ್ಯಂತ ಕಡಿಮೆ ಇರುವ ಜಾಗವೂ ಇದೇ. ಚರಂಡಿ ನಿಜವಾಗಿ ಬೇಕಾಗಿರುವುದು ಹಳೆಯ ಊರಿನ ಗಲ್ಲಿಗಳಿಗೆ. ಅಲ್ಲಿ ಚರಂಡಿ ಬಂದರೆ ಮಕ್ಕಳಿಗೆ ಜ್ವರ ಕಡಿಮೆಯಾಗುತ್ತದೆ, ತೆರಿಗೆ ಏರುವುದಿಲ್ಲ. ಸಾಹುಕಾರ ಅತ್ತ ತಲೆ ಹಾಕಿಯೂ ಮಲಗುವುದಿಲ್ಲ. 2007ರ ಏಪ್ರಿಲ್‌ನಲ್ಲಿ ಹಳೆಯ ನಗರಪಾಲಿಕೆಗೆ ಶೇರಿಲಿಂಗಂಪಲ್ಲಿ ಸೇರಿ 12 ಪುರಸಭೆಗಳನ್ನು ಕೂಡಿಸಿ ಜಿಎಚ್‌ಎಂಸಿ ಮಾಡಿದಾಗ, ಇಲ್ಲಿನ ಹಣ ಅಲ್ಲಿಗೂ ಹರಿಯಲು ಒಂದು ದಾರಿಯಾಯಿತು. ಗಚ್ಚಿಬೌಲಿಯ ಸುತ್ತ ಗೆರೆ ಎಳೆದು ಏರಿದ್ದೆಲ್ಲ ಇಲ್ಲಿಗೇ ಅಂದರೆ ಆ ದಾರಿಗೆ ಒಡ್ಡು ಕಟ್ಟಿದ ಹಾಗೆ. ಮೇಲೆ ಹೇಳಿದ ಜಿಎಚ್‌ಎಂಸಿ ಬಾಂಡುಗಳಲ್ಲಿ ಈ ತೊಂದರೆ ಇರಲಿಲ್ಲ. ಅವುಗಳಿಗೆ ಭದ್ರತೆ ಇಡೀ ನಗರದ ತೆರಿಗೆ ವಸೂಲಿ, ಒಂದು ವಲಯದ ಏರಿಕೆಯಲ್ಲ. ಬೆಂಗಳೂರು ಮಹಾನಗರಪಾಲಿಕೆ 1997ರಲ್ಲಿ 125 ಕೋಟಿಗೆ ದೇಶದಲ್ಲೇ ಮೊದಲ ನಗರಪಾಲಿಕೆ ಬಾಂಡ್ ಹೊರಡಿಸಿದ್ದು ಕೂಡ ಇದೇ ಬಗೆ, ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಬೇರೆ ಇತ್ತು.

ಇನ್ನೊಂದು ಸಂಗತಿ, ಇದನ್ನು ಹೇಳದೆ ಮುಂದೆ ಹೋಗಲಾರೆ. ಟಿಐಎಫ್‌ಗೆ ಏರಿಕೆ ಬೇಕು, ಏರಿಕೆ ಕಾಗದದ ಮೇಲೆ ಕಾಣಬೇಕು. ಹೈದರಾಬಾದಿನಲ್ಲಿ ಮನೆಗಳ ಆಸ್ತಿ ತೆರಿಗೆಯನ್ನು ಅಂದಾಜು ಬಾಡಿಗೆಯ ಮೇಲೆ ಹಾಕುವ ಪದ್ಧತಿ. ಆ ದರಗಳನ್ನು 2002ರಲ್ಲಿ ಪರಿಷ್ಕರಿಸಿದ ಮೇಲೆ ಎರಡು ದಶಕ ಯಾರೂ ಮುಟ್ಟಲಿಲ್ಲ. ಯಾವ ಸರ್ಕಾರಕ್ಕೂ ಆ ಧೈರ್ಯ ಬರಲಿಲ್ಲ. ಜಮೀನು ಎಕರೆಗೆ ನೂರು ಕೋಟಿ ದಾಟಿದರೂ ಅದರ ಪಕ್ಕದ ಹಳೆಯ ಮನೆ ತೆರಿಗೆ ಪುಸ್ತಕದಲ್ಲಿ 2002ರ ಬಾಡಿಗೆಯಲ್ಲೇ ನಿದ್ದೆ ಮಾಡುತ್ತಿರುತ್ತದೆ. ಹಾಗಾಗಿ ಏರಿಕೆ ಬರುವುದು ಹೊಸ ಕಟ್ಟಡದಿಂದ ಮಾತ್ರ. ಟಿಐಎಫ್ ತಂದವರು ನಾಳೆ ‘ಸಾಲ ತೀರುತ್ತಿಲ್ಲ, ಈ ವಲಯದ ದರ ಪರಿಷ್ಕರಿಸೋಣ’ ಅನ್ನಲೇಬೇಕಾಗುತ್ತದೆ. ‘ಹೊಸ ತೆರಿಗೆ ಇಲ್ಲ’ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಆ ಏರಿಕೆಯನ್ನು ಕೊನೆಗೆ ಕಟ್ಟುವವರು ಯಾರು? ಮಾಲೀಕ ಅಂತ ಕಾಗದ ಹೇಳುತ್ತದೆ. ನಮ್ಮ ಓಣಿಯ ಮೂಲೆಯಲ್ಲಿ ಒಬ್ಬ ದರ್ಜಿ ಇದ್ದಾರೆ, ಬೀದರ್ ಕಡೆಯವರು, ಇಪ್ಪತ್ತು ವರ್ಷದಿಂದ ಅದೇ ಎಂಟಡಿ ಅಂಗಡಿ. ಫ್ಲೈಓವರ್ ಬಂದ ಮೇಲೆ ಅವರ ಬಾಡಿಗೆ ಮೂರು ಸಲ ಏರಿತು. ಅವರ ಹೊಲಿಗೆ ಗಿರಾಕಿಗಳು ಫ್ಲೈಓವರ್ ಮೇಲಿಂದಲೇ ಹೋಗಿಬಿಡುತ್ತಾರೆ, ಕೆಳಗೆ ಇಳಿಯುವುದಿಲ್ಲ. ‘ಸರ್, ರಸ್ತಾ ಬಂತು ಅಂತ ಎಲ್ಲಾರೂ ಖುಷಿ ಪಟ್ಟರು, ನಾನೂ ಪೇಢೆ ತಿಂದೆ’ ಅಂತ ನಗುತ್ತಾರೆ. ಟಿಐಎಫ್‌ನ ವರದಿಯಲ್ಲಿ ಅವರ ಅಂಗಡಿಯ ಬಾಡಿಗೆ ಏರಿಕೆ ಯಶಸ್ಸಿನ ಕಡೆಯ ಕಾಲಮ್ಮಿಗೆ ಹೋಗುತ್ತದೆ.

ಹಾಗೆಯೇ ಕಸ. ರೈತನ ಮನೆಗೆ ಹತ್ತು ಚೀಲ ಸಾಕು ಅಂತ ಬರೆದಾಗ ಮನೆಯಲ್ಲಿ ಐದು ಜನ. ಹತ್ತು ವರ್ಷದಲ್ಲಿ ಸೊಸೆ ಬಂದಳು, ಮೊಮ್ಮಕ್ಕಳಾದರು, ಹನ್ನೆರಡು ಜನ. ಚೀಲ ಮಾತ್ರ ಹತ್ತೇ. ಮೂವತ್ತು ಮಹಡಿಯ ಗೋಪುರಗಳು ಎದ್ದ ಮೇಲೆ ಕಸ, ಒಳಚರಂಡಿ, ಬೀದಿದೀಪ, ಸೊಳ್ಳೆ ಹೊಗೆ ಎಲ್ಲದರ ಖರ್ಚೂ ಏರುತ್ತದೆ. ಅದನ್ನು ಪಾಲಿಕೆ ಹಳೆಯ 10 ಕೋಟಿಯಲ್ಲೇ ನಿಭಾಯಿಸಬೇಕು. ಇಲ್ಲವೇ ಬೇರೆ ಬಡಾವಣೆಯವರ ದುಡ್ಡಿನಿಂದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಬೆಂಗಳೂರಿನವರು ಸ್ವಲ್ಪ ಬೇರೆ ದಾರಿ ಹಿಡಿದು ನೋಡಿದ್ದಾರೆ. ಮೆಟ್ರೋದಿಂದ ಲಾಭವಾಗುವ ಕಂಪನಿಗಳಿಂದ ಮೊದಲೇ ನಗದು ಕೇಳುವುದು. ಕೋಣಪ್ಪನ ಅಗ್ರಹಾರದ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಷನ್ 2018ರಲ್ಲಿ ಒಪ್ಪಂದ ಮಾಡಿಕೊಂಡು ಹಣ ಕೊಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಜೊತೆ ಆ ನಿಲ್ದಾಣ ತೆರೆಯಿತು. ಸಾಲ ಇಲ್ಲ, ಬಡ್ಡಿ ಇಲ್ಲ, ಇದು ನನಗೆ ಹಿಡಿಸಿತು. ಆದರೆ ದೊಡ್ಡ ಕಂಪನಿ ಇರುವ ಕಡೆ ಮಾತ್ರ ಇದು ನಡೆಯುತ್ತದೆ, ದರ್ಜಿಗಳ ಓಣಿಯಲ್ಲಿ ಯಾರನ್ನು ಕೇಳುತ್ತೀರಿ?

ಹೊರ ವರ್ತುಲ ರಸ್ತೆಯದ್ದು ಇನ್ನೊಂದು ಬಗೆ. 158 ಕಿಲೋಮೀಟರ್ ರಸ್ತೆಯ 30 ವರ್ಷದ ಟೋಲ್ ವಸೂಲಿಯನ್ನು 2023ರಲ್ಲಿ ಐಆರ್‌ಬಿ ಕಂಪನಿಗೆ 7,380 ಕೋಟಿ ರೂಪಾಯಿಗೆ ಕೊಟ್ಟರು. ಮೂವತ್ತು ವರ್ಷದ ನಾಳೆಗಳು ಒಂದೇ ಚೆಕ್ಕಿನಲ್ಲಿ ಬಂದವು. ಅದು ಸರಿಯೋ ತಪ್ಪೋ ಅಂತ ಆಗ ಜೋರು ವಾದ ನಡೆಯಿತು. ಟಿಐಎಫ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ವಾಹನ ಕಡಿಮೆಯಾದರೆ ನಷ್ಟ ಕಂಪನಿಗೆ, ಟಿಐಎಫ್‌ನಲ್ಲಿ ತೆರಿಗೆ ಕಡಿಮೆಯಾದರೆ ನಷ್ಟ ಯಾರಿಗೆ ಅನ್ನುವುದು ಬಾಂಡಿನ ಕಾಗದದಲ್ಲಿ ಹೇಗೆ ಬರೆದಿದೆಯೋ ಹಾಗೆ. ಪಾಲಿಕೆಯೇ ಖಾತರಿ ಕೊಟ್ಟಿದ್ದರೆ, ನನಗೆ ಮತ್ತು ನಿಮಗೆ.

ಹಾಗಾಗಿ ಮುಂದೆ ಎಂದಾದರೂ ನಿಮ್ಮ ಬಡಾವಣೆಗೆ ಇಂಥ ಯೋಜನೆ ತಂದು ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಬಣ್ಣದ ಸ್ಲೈಡ್ ತೋರಿಸಿದರೆ, ಬಿಸ್ಕತ್ತು ತಿಂದು ಮುಗಿಸಿದ ಮೇಲೆ ಎದ್ದು ನಿಂತು ಕೇಳಿ. ಮೂಲ ಮೊತ್ತವನ್ನು ಯಾವ ವರ್ಷದ್ದು ಹಿಡಿದಿದ್ದೀರಿ? ತೆರಿಗೆ ತುಂಬ ಕಡಿಮೆ ಇದ್ದ ವರ್ಷವನ್ನೇ ಆರಿಸಿಲ್ಲ ತಾನೆ? ತಾನಾಗಿಯೇ ಆಗುವ ಏರಿಕೆಯನ್ನು ಪ್ರತಿ ವರ್ಷ ಮೂಲಕ್ಕೆ ಸೇರಿಸುತ್ತೀರಾ? ಹಾಗೆ ಸೇರಿಸಿದರೆ ಆ ಮೂರು ಚೀಲ ಮನೆಗೇ ಉಳಿಯುತ್ತದೆ, ಜಗಳವೇ ಇಲ್ಲ. ಸಾಲ ಬೇಗ ತೀರಿದರೆ ಗೆರೆ ಬೇಗ ಅಳಿಸುತ್ತೀರಾ, ಇಲ್ಲಾ ಹೊಸ ಖರ್ಚು ಹುಡುಕುತ್ತೀರಾ? ಕೊನೆಯದ್ದಕ್ಕೆ ನೇರ ಉತ್ತರ ಬರುವುದು ಕಷ್ಟ.

ಆ ಕೇಳುಗರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಹೌದು, ನೀವೂ ಕೊಟ್ಟಿದ್ದೀರಿ. ಬಾಂಡಿನ ಬಡ್ಡಿಯಾಗಿ ಎಲ್ಲ ತೆರಿಗೆದಾರರ ಜೊತೆ ಇನ್ನೂ ಕೊಡುತ್ತ ಬಂದಿದ್ದೀರಿ. ಹಳೆಯ ಊರಿನ ಗಲ್ಲಿಯವರೂ ಕೊಟ್ಟಿದ್ದಾರೆ, ಅವರು ಆ ಫ್ಲೈಓವರ್ ಹತ್ತಿಯೇ ಇರಲಿಕ್ಕಿಲ್ಲ.

ನನ್ನ ಮೇಜಿನ ಮೇಲೆ ನಮ್ಮ ಮನೆಯ ಎರಡು ಆಸ್ತಿ ತೆರಿಗೆ ರಸೀದಿಗಳಿವೆ, ಒಂದು ಹತ್ತು ವರ್ಷ ಹಳೆಯದು, ಒಂದು ಈ ಸಲದ್ದು. ಎರಡರ ನಡುವಿನ ವ್ಯತ್ಯಾಸ ನಮ್ಮ ಒಂದು ತಿಂಗಳ ಹಾಲಿನ ಬಿಲ್ಲಿನಷ್ಟೂ ಇಲ್ಲ. ಅದೇ ಹತ್ತು ವರ್ಷದಲ್ಲಿ ಬಾಡಿಗೆ ಎರಡೂವರೆ ಪಟ್ಟಾಗಿದೆ. ನಿಮ್ಮ ಮನೆಯಲ್ಲೂ ಹಳೆಯ ರಸೀದಿ ಎಲ್ಲೋ ಬೀರುವಿನಲ್ಲಿರುತ್ತದೆ. ಹುಡುಕಿ ಪಕ್ಕಪಕ್ಕ ಇಟ್ಟು ನೋಡಿ, ಅಂಕಿ ಎರಡನ್ನೂ ಬರೆದು ಕಳಿಸಿ. ಹೆಸರು, ಮನೆ ನಂಬರು ಬೇಡ, ಬಡಾವಣೆ ಸಾಕು. ಹತ್ತು ಹದಿನೈದು ಬಂದರೆ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಕೂತು ಕೂಡಿ ಕಳೆದು ನೋಡೋಣ.